ಕಲ್ಚರ್ ‘ನೋ ಗ್ರೋತ್’, ಉರಿ ಮಾತ್ರ ಹಾಗೇ: ಗಂಡಸರ ಉರಿಮೂತ್ರಕ್ಕೆ ಮುಂದೇನು?

ಕೌಂಟರ್_ಈಚೆ

ಮೆಡಿಕಲ್ ಶಾಪಿನ ಕೌಂಟರ್‌ಗೆ ಮತ್ತೆ ಮತ್ತೆ ಬರುವ ಒಂದೇ ನಮೂನೆಯ ಕೇಸಿನ ಬಗ್ಗೆ ಪ್ರಶ್ನೆ. ಗಂಡಸು, ವಯಸ್ಸು 25ರಿಂದ 40ರ ಒಳಗೆ, ಜೇಬಿನಿಂದ ತೆಗೆಯುವ ಮಡಚಿದ ಲ್ಯಾಬ್ ರಿಪೋರ್ಟು. ಯೂರಿನ್ ರೂಟೀನ್‌ನಲ್ಲಿ ಪಸ್ ಸೆಲ್ಸ್ 15-20, ನೈಟ್ರೈಟ್ (ಕೆಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ತಯಾರಿಸುವ ರಾಸಾಯನಿಕ) ನೆಗೆಟಿವ್, ಸಕ್ಕರೆ ಇಲ್ಲ. ಕಲ್ಚರ್‌ನಲ್ಲಿ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) 48 ಗಂಟೆ ಆದರೂ ‘ನೋ ಗ್ರೋತ್’, ಅಂದರೆ ಏನೂ ಬೆಳೆದಿಲ್ಲ. ಒಂದಕ್ಕೆ ಹೋಗುವಾಗ ಉರಿ ಇದೆ, ಜ್ವರ ಇಲ್ಲ. ಅಷ್ಟರಲ್ಲಿ ಎಲ್ಲಿಂದಲೋ ತಂದ ನಾರ್ಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ 3 ದಿನ ನುಂಗಿ ಆಗಿರುತ್ತದೆ, ಜೊತೆಗೆ ಉರಿ ತಗ್ಗಿಸುವ ಆಲ್ಕಲೈಸರ್ ಸಿರಪ್ಪು. ‘ಉಷ್ಣ ಆಗಿದೆ ಅಷ್ಟೇ, ಇನ್ನೂ ಸ್ವಲ್ಪ ಗಟ್ಟಿ ಮಾತ್ರೆ ಕೊಡಿ’ ಎಂಬ ಮಾತು.

ಕೊಡುವುದಿಲ್ಲ, ಡಾಕ್ಟರ ಹತ್ತಿರ ಹೋಗಿ ಎನ್ನುವುದು ಸುಲಭ. ಆದರೆ ಯಾವ ಡಾಕ್ಟರು, ಯಾವ ಪರೀಕ್ಷೆ, ಏಕೆ ಎಂದು ಎರಡು ಮಾತು ಹೇಳದಿದ್ದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಪಸ್ ಸೆಲ್ಸ್ ಇಷ್ಟಿದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದಿರುವುದು ಹೇಗೆ? ಇದು ಸಾಮಾನ್ಯ ಮೂತ್ರದ ಸೋಂಕೋ ಸಂಪರ್ಕದಿಂದ ಬಂದದ್ದೋ ಎಂದು ತಿಳಿಯಲು ಏನು ಕೇಳಬೇಕು? ಹೆಂಡತಿಗೆ ಔಷಧಿ ಬೇಕೇ ಎನ್ನುವುದು ಕೊನೆಗೆ, ದನಿ ತಗ್ಗಿಸಿ ಕೇಳುವ ಪ್ರಶ್ನೆ; ಅದಕ್ಕೂ ಉತ್ತರ ಬೇಕು.

ಸ್ಲೈಡ್‌ಡಬ್ಬಿ

ಲ್ಯಾಬ್ ಕಡೆಯ ಉತ್ತರ. ಪಸ್ ಸೆಲ್ಸ್ ಅಂದರೆ ಬಿಳಿ ರಕ್ತಕಣ. ಗಂಡಸಿನ ಮೂತ್ರದಲ್ಲಿ ಹೈ ಪವರ್ ಫೀಲ್ಡಿಗೆ 5ರವರೆಗೆ ಇದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. 15-20 ಇದ್ದರೆ ಮೂತ್ರದ ದಾರಿಯಲ್ಲಿ ಎಲ್ಲೋ ಉರಿಯೂತ ಇದೆ ಎಂದಷ್ಟೇ ಅರ್ಥ. ಎಲ್ಲಿ, ಯಾವುದರಿಂದ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಇನ್ನು ಕಲ್ಚರ್. 1 ಮೈಕ್ರೋಲೀಟರ್ ಹಿಡಿಯುವ ಲೂಪನ್ನು (ಸಣ್ಣ ತಂತಿ ಉಂಗುರ) ಮೂತ್ರಕ್ಕೆ ನೆಟ್ಟಗೆ ಅದ್ದಿ, ಸಿಎಲ್‌ಇಡಿ ಅಗರ್ (ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಜೆಲ್ಲಿ) ತಟ್ಟೆಯ ಮೇಲೆ ಗೀರಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತೇವೆ. ಬೆಳಿಗ್ಗೆ ಒಂದು ಕಾಲೊನಿ ಕಂಡರೆ ಮಿಲಿಲೀಟರಿಗೆ 1,000 ಬ್ಯಾಕ್ಟೀರಿಯಾ ಎಂಬ ಲೆಕ್ಕ, 100 ಕಂಡರೆ 1 ಲಕ್ಷ. ಈ ತಟ್ಟೆಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಹಳದಿ ಹಳದಿಯಾಗಿ ಎದ್ದು ಬರುತ್ತದೆ. ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟೆರೊಕಾಕಸ್ ಕೂಡ ಬರುತ್ತವೆ. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾದ ರೋಗಾಣು ಬರುವುದಿಲ್ಲ. ಅದಕ್ಕೆ ಚಾಕೊಲೇಟ್ ಅಗರ್ ಬೇಕು, ಕಾರ್ಬನ್ ಡೈಆಕ್ಸೈಡ್ ಬೇಕು. ಹಾಗೆಯೇ ಹರಡುವ ಕ್ಲಮೈಡಿಯಾ ಜೀವಕೋಶದ ಒಳಗಷ್ಟೇ ಬೆಳೆಯುವಂಥದ್ದು, ಯಾವ ಅಗರ್ ತಟ್ಟೆಗೂ ಬಗ್ಗದು. ಕ್ಷಯದ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಕಾಣಲು ವಾರಗಟ್ಟಲೆ ಬೇಕು. ಹಾಗಾಗಿ ‘ನೋ ಗ್ರೋತ್’ ಎಂದರೆ ‘ಈ ತಟ್ಟೆಯಲ್ಲಿ ಬೆಳೆಯುವಂಥದ್ದು ಬೆಳೆಯಲಿಲ್ಲ’ ಎಂದು ಓದಿಕೊಳ್ಳಿ. ಸೋಂಕೇ ಇಲ್ಲ ಎಂದು ಓದಬೇಡಿ.

ಎರಡನೇ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: 3 ದಿನದ ನಾರ್ಫ್ಲಾಕ್ಸಾಸಿನ್. ಸ್ಯಾಂಪಲ್ ಕೊಡುವ ಮೊದಲು ನುಂಗಿದ ಒಂದೆರಡು ಮಾತ್ರೆಯೂ ಬ್ಯಾಕ್ಟೀರಿಯಾದ ಎಣಿಕೆ ಇಳಿಸಲು ಸಾಕು. ರೋಗ ವಾಸಿಯಾಗಿರುವುದಿಲ್ಲ, ಪುರಾವೆ ಮಾತ್ರ ಅಳಿಸಿಹೋಗಿರುತ್ತದೆ.

ಮೂರನೆಯದು ಸ್ಯಾಂಪಲ್ ಹಿಡಿದ ರೀತಿ. ಇಲ್ಲಿ ಎರಡು ಬೇರೆ ಬೇರೆ ಸ್ಯಾಂಪಲ್ ಇವೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಕಲ್ಚರ್‌ಗೆ ನಡುಧಾರೆ ಬೇಕು: ಮುಂದೊಗಲು ಹಿಂದೆ ಸರಿಸಿ ನೀರಿನಲ್ಲಿ ತೊಳೆದು, ಮೊದಲ ಧಾರೆಯನ್ನು ಹೊರಗೆ ಬಿಟ್ಟು, ಧಾರೆ ನಿಲ್ಲಿಸದೆ ಬಾಟಲನ್ನು ಅಡ್ಡ ಹಿಡಿದು ತೆಗೆಯಬೇಕು, ಕೊನೆಯದ್ದೂ ಬೇಡ. ಗೊನೊರಿಯಾ, ಕ್ಲಮೈಡಿಯಾದ ಪಿಸಿಆರ್ ಮಾದರಿ ಪರೀಕ್ಷೆಗೆ (ರೋಗಾಣುವಿನ ಡಿಎನ್‌ಎ ಹುಡುಕುವ ಇದನ್ನು ನಾಟ್ ಎನ್ನುತ್ತಾರೆ) ಇದಕ್ಕೆ ಪೂರ್ತಿ ತದ್ವಿರುದ್ಧ. ಕನಿಷ್ಠ 1 ಗಂಟೆ ಒಂದಕ್ಕೆ ಹೋಗಿರಬಾರದು, ತೊಳೆಯಬಾರದು, ಬರುವ ಮೊದಲ 20-30 ಮಿ.ಲೀ. ಮಾತ್ರ ಹಿಡಿಯಬೇಕು. ರೋಗಾಣು ಕೂತಿರುವುದು ಮೂತ್ರನಾಳದ ಗೋಡೆಯಲ್ಲಿ. ಮೊದಲ ಧಾರೆಯೇ ಅದನ್ನು ತೊಳೆದು ತರುವುದು. ಬಾಟಲು ತುಂಬಾ ತುಂಬಿಸಿದರೆ ಸ್ಯಾಂಪಲ್ ತೆಳುವಾಗಿ ಪರೀಕ್ಷೆ ತಪ್ಪಿಹೋಗಬಹುದು. ನಡುಧಾರೆಯ ಬಾಟಲನ್ನೇ ಇದಕ್ಕೂ ಕಳಿಸುವುದು ತೀರಾ ಸಾಮಾನ್ಯ ತಪ್ಪು: ಹುಡುಕಬೇಕಾದ್ದನ್ನು ಕಕ್ಕಸಿಗೆ ಬಿಟ್ಟು ಉಳಿದದ್ದನ್ನು ಲ್ಯಾಬಿಗೆ ಕೊಟ್ಟ ಹಾಗೆ.

ಕಲ್ಚರ್ ಬಾಟಲು 2 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ಇಲ್ಲವೇ ಫ್ರಿಜ್ಜಿನಲ್ಲಿ (ಫ್ರೀಜರಿನಲ್ಲಲ್ಲ) ಇದ್ದು 24 ಗಂಟೆಯೊಳಗೆ ಬರಬೇಕು. ಹಳ್ಳಿಯಿಂದ ಬಸ್ಸಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಬಂದ ಬಾಟಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರುತ್ತದೆ, ಪಸ್ ಸೆಲ್ಸ್ ಒಡೆದು ಕಡಿಮೆಯಾಗಿರುತ್ತದೆ, ಎರಡೂ ಸುಳ್ಳು.

ನೈಟ್ರೈಟ್ ನೆಗೆಟಿವ್ ಬಂದದ್ದಕ್ಕೆ ಹೆಚ್ಚು ತೂಕ ಕೊಡಬೇಡಿ. ಮೂತ್ರ ಮೂತ್ರಕೋಶದಲ್ಲಿ ಸುಮಾರು 4 ಗಂಟೆ ನಿಂತರಷ್ಟೇ ಅದು ತಯಾರಾಗುವುದು. ಅರ್ಧ ಗಂಟೆಗೊಮ್ಮೆ ಓಡುವವನಲ್ಲಿ ಎಲ್ಲಿ ನಿಲ್ಲುತ್ತದೆ? ಎಂಟೆರೊಕಾಕಸ್ ಅಂತೂ ನೈಟ್ರೈಟ್ ಮಾಡುವುದೇ ಇಲ್ಲ.

ಯೂರೋ_ಒಪಿಡಿ

ಮೂತ್ರರೋಗ ವಿಭಾಗದ ಕಡೆಯಿಂದ. ಲ್ಯಾಬಿನವರು ಅರ್ಧ ಕೆಲಸ ಮುಗಿಸಿದ್ದಾರೆ. ಉಳಿದದ್ದು ರೋಗಿಯ ಬಾಯಿಂದ ಬರಬೇಕು.

ಗಂಡಸರ ಮೂತ್ರನಾಳ ಸುಮಾರು 18-20 ಸೆಂ.ಮೀ., ಹೆಂಗಸರದ್ದು 4 ಸೆಂ.ಮೀ. ಆಸುಪಾಸು. ಹಾಗಾಗಿ ಕರುಳಿನ ಬ್ಯಾಕ್ಟೀರಿಯಾ ಹತ್ತಿಕೊಂಡು ಮೂತ್ರಕೋಶ ಮುಟ್ಟುವುದು ಪ್ರಾಯದ ಗಂಡಸರಲ್ಲಿ ಅಪರೂಪ. ಮುಟ್ಟಿದೆ ಎಂದರೆ ಕಲ್ಲು, ನಾಳ ಕಿರಿದಾಗಿರುವುದು, ಸಕ್ಕರೆ ಕಾಯಿಲೆ, ಈಚೆಗೆ ಹಾಕಿದ ಕ್ಯಾತಿಟರ್ (ಮೂತ್ರದ ನಳಿಕೆ) ಹೀಗೆ ಏನೋ ಒಂದು ಕಾರಣ ಇರುತ್ತದೆ, ಅದನ್ನು ಹುಡುಕಬೇಕು. ಕಾಂಡೋಮ್ ಇಲ್ಲದ ಗುದಸಂಭೋಗವೂ ಒಂದು ಕಾರಣ, ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹಾಗಾಗಿ 30ರ ಗಂಡಸಿನಲ್ಲಿ ಉರಿ, ಪಸ್ ಸೆಲ್ಸ್, ‘ನೋ ಗ್ರೋತ್’ ಮೂರೂ ಒಟ್ಟಿಗೆ ಬಂದರೆ ನನ್ನ ಮೊದಲ ಅನುಮಾನ ಮೂತ್ರಕೋಶದ ಮೇಲಲ್ಲ, ಮೂತ್ರನಾಳದ ಮೇಲೆ.

ಕೇಳಬೇಕಾದ್ದು: ಉರಿ ಎಲ್ಲಿ? ಶಿಶ್ನದ ತುದಿಯಲ್ಲಿ, ನಾಳದ ಉದ್ದಕ್ಕೆ ಎಂದರೆ ನಾಳದ್ದು. ಕಿಬ್ಬೊಟ್ಟೆಯಲ್ಲಿ ಒತ್ತಿದ ಹಾಗೆ, ಹತ್ತು ನಿಮಿಷಕ್ಕೊಮ್ಮೆ ಅವಸರ, ಮೂತ್ರಕ್ಕೆ ಕೆಟ್ಟ ವಾಸನೆ ಎಂದರೆ ಮೂತ್ರಕೋಶದ್ದು. ಬೆಳಿಗ್ಗೆ ಎದ್ದಾಗ, ಒಂದಕ್ಕೆ ಹೋಗುವ ಮುಂಚೆ, ತುದಿಯಲ್ಲಿ ಹನಿ ಕಾಣುತ್ತದೆಯೇ? ಒಳಚಡ್ಡಿಯಲ್ಲಿ ಕಲೆ? ದಪ್ಪ ಹಳದಿ ಕೀವು ಧಾರಾಳವಾಗಿ ಬಂದರೆ ಗೊನೊರಿಯಾ. ಸಾಮಾನ್ಯವಾಗಿ ಸಂಪರ್ಕದ 2ರಿಂದ 7 ದಿನದಲ್ಲಿ ಶುರು. ಗಂಜಿತಿಳಿಯಂಥ ತೆಳು ಹನಿ, ಅಥವಾ ಹನಿಯೂ ಇಲ್ಲದೆ ಬರೀ ನವೆ-ಉರಿ, ಅದೂ 1ರಿಂದ 3 ವಾರದ ನಂತರ ಎಂದರೆ ಕ್ಲಮೈಡಿಯಾ ಕಡೆಗೆ ವಾಲುತ್ತದೆ. ಎರಡೂ ಒಟ್ಟಿಗೆ ಇರುವುದು ಅಪರೂಪವಲ್ಲ. ಕೀವಿನ ಸ್ಲೈಡಿಗೆ ಗ್ರಾಂ ಬಣ್ಣ ಹಾಕಿ ನೋಡಿದರೆ ಬಿಳಿಕಣದ ಹೊಟ್ಟೆಯೊಳಗೆ ಕಾಫಿಬೀಜದ ಜೋಡಿಯಂತೆ ಕಾಣುವ ಗುಲಾಬಿ ಚುಕ್ಕೆಗಳು ಗೊನೊರಿಯಾದ ಗುರುತು. ಕೀವು ಬರುತ್ತಿರುವ ಗಂಡಸಿನಲ್ಲಿ ಈ ಅಗ್ಗದ ಪರೀಕ್ಷೆಯನ್ನು ಚೆನ್ನಾಗಿಯೇ ನಂಬಬಹುದು.

ಔಷಧಿಯ ವಿಷಯಕ್ಕೆ ಬಂದರೆ, ‘ಗಟ್ಟಿ ಮಾತ್ರೆ’ ಎಂಬುದೇ ತಪ್ಪು ಲೆಕ್ಕ. ಔಷಧಿ ಎಲ್ಲಿಗೆ ತಲುಪುತ್ತದೆ ಎಂಬುದು ಮುಖ್ಯ. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಚೆನ್ನಾಗಿ ಸೇರುತ್ತದೆ, ಪ್ರಾಸ್ಟೇಟ್ (ಮೂತ್ರಕೋಶದ ಕೆಳಗೆ ನಾಳವನ್ನು ಸುತ್ತಿರುವ ಗಂಡಸರ ಗ್ರಂಥಿ) ಒಳಗೆ ಹೋಗುವುದೇ ಇಲ್ಲ. ಹೆಂಗಸರಿಗೆ 5 ದಿನದಲ್ಲಿ ಕೆಲಸ ಮಾಡಿದ್ದನ್ನು ನೋಡಿ ಅದೇ ಸ್ಟ್ರಿಪ್ಪನ್ನು ಜ್ವರ ಬಂದ ಗಂಡಸಿಗೆ ಕೊಟ್ಟರೆ ಮೂತ್ರ ತಿಳಿಯಾಗುತ್ತದೆ, ಪ್ರಾಸ್ಟೇಟಿನಲ್ಲಿ ಕೂತದ್ದು 2-3 ವಾರಕ್ಕೆ ಮತ್ತೆ ಎದ್ದು ಬರುತ್ತದೆ. ನಾರ್ಫ್ಲಾಕ್ಸಾಸಿನ್ ಕಥೆಯೂ ಹೆಚ್ಚುಕಡಿಮೆ ಅದೇ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಕೋಟ್ರಿಮಾಕ್ಸಜೋಲ್ ಪ್ರಾಸ್ಟೇಟ್ ಸೇರುತ್ತವೆ. ಆದರೆ ನಮ್ಮಲ್ಲಿ ಇ. ಕೋಲೈ ಬಹುಪಾಲು ಸಿಪ್ರೊಫ್ಲಾಕ್ಸಾಸಿನ್‌ಗೆ ಜಗ್ಗದಂತಾಗಿದೆ, ಗೊನೊರಿಯಾ ಅಂತೂ ಎಂದೋ ಜಗ್ಗುವುದನ್ನು ಬಿಟ್ಟಿದೆ. ಹಾಗಾಗಿ ಕಲ್ಚರ್ ಮತ್ತು ಸೆನ್ಸಿಟಿವಿಟಿ (ಯಾವ ಔಷಧಿಗೆ ಜಗ್ಗುತ್ತದೆ ಎಂಬ ಪರೀಕ್ಷೆ) ಮೊದಲು, ಮಾತ್ರೆ ಆಮೇಲೆ. ಜ್ವರವಿಲ್ಲದ, ಬ್ಯಾಕ್ಟೀರಿಯಾ ಖಚಿತವಾದ ಮೂತ್ರಕೋಶದ ಸೋಂಕಿಗೆ ಸರಿಯಾದ ಔಷಧಿ 7 ದಿನ ಸಾಕು. ಪ್ರಾಸ್ಟೇಟ್ ಹಿಡಿದಿದ್ದರೆ 2ರಿಂದ 4 ವಾರ, ಹಳೆಯದಾಗಿದ್ದರೆ 4ರಿಂದ 6 ವಾರ.

ಆಲ್ಕಲೈಸರ್ ಸಿರಪ್ಪು ಉರಿ ತಗ್ಗಿಸುತ್ತದೆ, ಸೋಂಕು ಮುಟ್ಟುವುದಿಲ್ಲ. ನೈಟ್ರೊಫ್ಯುರಾಂಟಾಯಿನ್ ಆಮ್ಲೀಯ ಮೂತ್ರದಲ್ಲಿ ಚುರುಕು. ಅದರ ಜೊತೆ ಈ ಸಿರಪ್ಪು ಕೊಡುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ. ಕಿತ್ತಳೆ ಬಣ್ಣದ ಮೂತ್ರ ಬರಿಸುವ ಫೆನಜೊಪಿರಿಡಿನ್ ಸಹ ನೋವಿಗೆ ಮಾತ್ರ, 2 ದಿನಕ್ಕಿಂತ ಹೆಚ್ಚು ಬೇಡ. ಅದನ್ನು ನುಂಗಿದ ಮೇಲೆ ಕೊಟ್ಟ ಮೂತ್ರದಲ್ಲಿ ಡಿಪ್‌ಸ್ಟಿಕ್ (ಮೂತ್ರಕ್ಕೆ ಅದ್ದುವ ಪರೀಕ್ಷಾ ಪಟ್ಟಿ) ಬಣ್ಣ ಓದಲಿಕ್ಕೂ ಆಗುವುದಿಲ್ಲ.

ಕೌಂಟರಿನಿಂದ ನೇರ ಆಸ್ಪತ್ರೆಗೆ ಅಟ್ಟಬೇಕಾದವರು: ಚಳಿಜ್ವರ, ಪಕ್ಕೆನೋವು, ವಾಂತಿ ಇರುವವರು, ಮೂತ್ರ ಕಟ್ಟಿಕೊಂಡವರು, ವೃಷಣ ಊದಿಕೊಂಡವರು. ಅದರಲ್ಲೂ ಹುಡುಗರಲ್ಲಿ ಒಂದೇ ಬದಿಯ ಬೀಜ ಇದ್ದಕ್ಕಿದ್ದಂತೆ ನೋಯತೊಡಗಿ, ಮೇಲಕ್ಕೆ ಸೇದಿಕೊಂಡಂತಿದ್ದರೆ ಅದು ಸೋಂಕಲ್ಲ, ತಿರುಚಿಕೊಂಡಿರಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೀಜ ಉಳಿಯುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಅಲ್ಲಿ ಆ್ಯಂಟಿಬಯೋಟಿಕ್ ಕೊಟ್ಟು ‘ನಾಳೆ ನೋಡೋಣ’ ಎಂದರೆ ಒಂದು ಅಂಗವೇ ಹೋಯಿತು.

ಬಾಳೆದಿಂಡು

ಬಾರ್ಲಿ ನೀರು, ಎಳನೀರು, ಜೀರಿಗೆ ನೀರು ಕುಡಿಯಬೇಡಿ ಅಂತ ಯಾರೂ ಹೇಳಲಿಲ್ಲವಲ್ಲ?

ಯೂರೋ_ಒಪಿಡಿ

ಕುಡಿಯಲಿ. ಮೂತ್ರ ತೆಳುವಾದರೆ ಉರಿ ಕಡಿಮೆ. ಬಿಸಿಲಿನಲ್ಲಿ ದುಡಿದು ನೀರು ಕಡಿಮೆಯಾಗಿ ಬರುವ ಉರಿ ದಿನಕ್ಕೆ 2.5-3 ಲೀಟರ್ ನೀರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ. ಜನ ‘ಉಷ್ಣ’ ಎನ್ನುವುದರಲ್ಲಿ ಒಂದು ಪಾಲು ಇದೇ. ಆದರೆ ಅಲ್ಲಿ ಪಸ್ ಸೆಲ್ಸ್ 15-20 ಇರುವುದಿಲ್ಲ. ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಬೇಡ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಇನ್ನೊಂದು: ಸ್ಯಾಂಪಲ್ ಕೊಡುವ ಮುಂಚೆ ಎರಡು ಚೊಂಬು ಬಾರ್ಲಿ ನೀರು ಕುಡಿದು ಬಂದರೆ ಎಣಿಕೆಯೆಲ್ಲ ತೆಳುವಾಗುತ್ತದೆ.

ಸುರಕ್ಷಾ_ಕೋಣೆ

ಆಪ್ತಸಮಾಲೋಚನೆಯ ಕಡೆಯಿಂದ. ‘ಬೇರೆ ಕಡೆ ಹೋಗಿದ್ದಿರಾ?’ ಎಂದು ಕೌಂಟರಿನಲ್ಲಿ ಕೇಳಿದರೆ ನೂರಕ್ಕೆ ನೂರು ಜನ ಇಲ್ಲ ಎನ್ನುತ್ತಾರೆ, ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತವರು ಕಿವಿ ನೆಟ್ಟಗೆ ಮಾಡುತ್ತಾರೆ. ಪ್ರಶ್ನೆಯನ್ನು ಪರೀಕ್ಷೆಯ ಮೇಲೆ ಹಾಕಿ: ‘ಈ ರಿಪೋರ್ಟಿಗೆ ಎರಡು ರೀತಿಯ ಕಾರಣ ಇರುತ್ತೆ ಅಣ್ಣ, ಎರಡಕ್ಕೂ ಔಷಧಿ ಬೇರೆ. ಈ ಪರೀಕ್ಷೆ ಮಾಡಿಸದೆ ಯಾವುದು ಅಂತ ಹೇಳಕ್ಕಾಗಲ್ಲ.’ ಇಷ್ಟು ಹೇಳಿ ಚೀಟಿಯಲ್ಲಿ ಜಿಲ್ಲಾ ಆಸ್ಪತ್ರೆಯ ‘ಸುರಕ್ಷಾ ಕ್ಲಿನಿಕ್’ ಎಂದು ಬರೆದು ಕೊಡಿ. ಅಲ್ಲಿ ಲೈಂಗಿಕ ಸೋಂಕುಗಳ ತಪಾಸಣೆ, ಔಷಧಿ ಎರಡೂ ಉಚಿತ. ಫೋನಿನಲ್ಲೇ ಕೇಳಬೇಕೆಂದರೆ ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಸಹಾಯವಾಣಿ 1097.

ನ್ಯಾಕೋ ಪದ್ಧತಿಯಲ್ಲಿ ಮೂತ್ರನಾಳದ ಸ್ರಾವಕ್ಕೆ ಕೊಡುತ್ತ ಬಂದದ್ದು ಬೂದು ಬಣ್ಣದ ಪೊಟ್ಟಣ, ಕಿಟ್ 1: ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿ.ಗ್ರಾಂ, ಎರಡೂ ಒಂದೇ ಸಲಕ್ಕೆ, ಎದುರಿಗೇ ನುಂಗಿಸಿ. ಲ್ಯಾಬ್ ಇಲ್ಲದ ಕಡೆಯೂ ಗೊನೊರಿಯಾ, ಕ್ಲಮೈಡಿಯಾ ಎರಡನ್ನೂ ಒಂದೇ ಭೇಟಿಯಲ್ಲಿ ಮುಟ್ಟಬೇಕೆಂಬುದು ಅದರ ಹಿಂದಿನ ಲೆಕ್ಕ. ಇದನ್ನು ಓದಿ ಯಾರೂ ಕೌಂಟರಿನಲ್ಲಿ ಈ ಜೋಡಿ ಕೇಳಬೇಡಿ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1ರಲ್ಲಿದೆ, ಚೀಟಿ ಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಪ್ರಶ್ನೆ ಕೇಳಿದವರಿಗೆ ನಾನು ಹೇಳಬೇಕಿಲ್ಲ.

ಹೆಂಡತಿಯ ಪ್ರಶ್ನೆ. ಇ. ಕೋಲೈನಂಥ ಮಾಮೂಲಿ ಮೂತ್ರಕೋಶದ ಸೋಂಕಾದರೆ ಆಕೆಗೆ ಔಷಧಿ ಬೇಡ, ಅದು ಹರಡುವ ರೋಗವಲ್ಲ. ಉರಿ ಹೋಗುವವರೆಗೆ ದೂರ ಇದ್ದರೆ ಸಾಕು. ನಾಳದ ಸೋಂಕಾದರೆ ಕಳೆದ 60 ದಿನದಲ್ಲಿ ಸಂಪರ್ಕ ಇದ್ದವರೆಲ್ಲರಿಗೂ ತಪಾಸಣೆ, ಚಿಕಿತ್ಸೆ ಬೇಕು, ತೊಂದರೆ ಕಾಣದಿದ್ದರೂ. ಹೆಂಗಸರಲ್ಲಿ ಕ್ಲಮೈಡಿಯಾ ಬಹುತೇಕ ಸದ್ದಿಲ್ಲದೆ ಇರುತ್ತದೆ, ಗರ್ಭನಾಳ ಮುಚ್ಚಿದ ಮೇಲೆ ಬಂಜೆತನದ ಪರೀಕ್ಷೆಯಲ್ಲಿ ಸಿಗುತ್ತದೆ. ಆಕೆ ಗರ್ಭಿಣಿ ಆಗಿದ್ದರೆ, ಆಗಿರಬಹುದಾದರೆ, ಅದನ್ನು ಮೊದಲೇ ಹೇಳಬೇಕು, ಡಾಕ್ಸಿಸೈಕ್ಲಿನ್ ಕೊಡುವಂತಿಲ್ಲ. ಗಂಡನ ಮಾತ್ರೆಯಲ್ಲಿ ಅರ್ಧ ಮುರಿದು ಹೆಂಡತಿಗೆ ಕೊಡುವ ಪದ್ಧತಿ ಒಂದಿದೆ, ಅದರಿಂದ ಇಬ್ಬರಿಗೂ ವಾಸಿಯಾಗುವುದಿಲ್ಲ.

ಒಂದೇ ಡೋಸಿನ ಔಷಧಿಯಾದರೆ ನುಂಗಿದ ದಿನದಿಂದ 7 ದಿನ, 7 ದಿನದ ಕೋರ್ಸ್ ಆದರೆ ಅದು ಮುಗಿಯುವವರೆಗೆ ಸಂಪರ್ಕ ಬೇಡ. ಇಬ್ಬರದ್ದೂ ಮುಗಿದಿರಬೇಕು. ಒಬ್ಬರು ಮುಗಿಸಿ ಇನ್ನೊಬ್ಬರು ಶುರುವೇ ಮಾಡದಿದ್ದರೆ ಸೋಂಕು ಚೆಂಡಿನಂತೆ ಆಚೆಯಿಂದ ಈಚೆಗೆ ಓಡಾಡುತ್ತದೆ. ‘ಔಷಧಿ ಕೆಲಸ ಮಾಡಲಿಲ್ಲ’ ಎಂದು ಬರುವವರಲ್ಲಿ ಇಂಥವರು ಬಹಳ.

ಇದರ ಜೊತೆ ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್ ಬಿ ರಕ್ತಪರೀಕ್ಷೆ ಆಗಲೇಬೇಕು. ಐಸಿಟಿಸಿಯಲ್ಲಿ (ಸರ್ಕಾರಿ ಸಮಾಲೋಚನೆ-ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಕಾಪಾಡುವುದು 2017ರ ಎಚ್‌ಐವಿ ಕಾಯ್ದೆಯಂತೆ ಕಡ್ಡಾಯ. ಸಂಪರ್ಕವಾದ ವಾರಕ್ಕೇ ನೆಗೆಟಿವ್ ಬಂದರೆ ನಿರಾಳ ಆಗುವಂತಿಲ್ಲ, 3 ತಿಂಗಳಿಗೆ ಮತ್ತೊಮ್ಮೆ ಮಾಡಿಸಬೇಕು. ಸಂಪರ್ಕವಾಗಿ 72 ಗಂಟೆ ದಾಟಿಲ್ಲವೆಂದರೆ ಮಾತು ಬೇರೆ: ಎಚ್‌ಐವಿ ತಡೆಯುವ 28 ದಿನದ ಔಷಧಿ ಇದೆ, ಅದನ್ನು ಅದೇ ದಿನ ವಿಚಾರಿಸಬೇಕು.

ಕೌಂಟರ್_ಈಚೆ

ಎಲ್ಲರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಒಂದು, ಅಜಿತ್ರೊಮೈಸಿನ್ ಒಂದೇ ಡೋಸ್ ಈಗ ಸಾಲದು ಎನ್ನುತ್ತಾರಲ್ಲ? ಎರಡು, 50 ದಾಟಿದ ಸಕ್ಕರೆ ಕಾಯಿಲೆಯವರು ತುದಿಯಲ್ಲಿ ನವೆ, ಬಿಳಿ ಪದರ, ಮುಂದೊಗಲು ಬಿರುಕು ಎಂದು ಬರುತ್ತಾರೆ. ಅವರೂ ‘ಉರಿಮೂತ್ರ’ ಎಂದೇ ಹೇಳುವುದು.

ಯೂರೋ_ಒಪಿಡಿ

ಮೊದಲನೆಯದು ನಿಜ. ಕ್ಲಮೈಡಿಯಾ ಎಂದು ಖಚಿತವಾದರೆ ಈಗಿನ ಮೊದಲ ಆಯ್ಕೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೆರಡು ಬಾರಿ, 7 ದಿನ. ಗೊನೊರಿಯಾಕ್ಕೆ ಸಾಧ್ಯವಿರುವ ಕಡೆ ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್. ಡಾಕ್ಸಿಸೈಕ್ಲಿನ್ ಕೊಡುವಾಗ ಕೌಂಟರಿನಲ್ಲೇ ಹೇಳಿ: ಒಂದು ಲೋಟ ತುಂಬ ನೀರಿನ ಜೊತೆ, ನುಂಗಿ ಅರ್ಧ ಗಂಟೆ ಮಲಗಬಾರದು. ರಾತ್ರಿ ಒಂದು ಗುಟುಕಿನಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್ ಜೊತೆ ಬೇಡ. ಕೋರ್ಸ್ ಮುಗಿದರೂ ಉರಿ ಹಾಗೇ ಇದ್ದು, ಹೆಂಡತಿಯ ಚಿಕಿತ್ಸೆಯೂ ಆಗಿದ್ದರೆ ಮೈಕೊಪ್ಲಾಸ್ಮಾ ಜೆನಿಟೇಲಿಯಮ್, ಟ್ರೈಕೊಮೊನಾಸ್ ಎಂಬ ಇನ್ನೆರಡು ರೋಗಾಣು ನೋಡಬೇಕು. ಅವೂ ಇಲ್ಲ, ಪಸ್ ಸೆಲ್ಸ್ ವಾರಗಟ್ಟಲೆ ಇಳಿಯುತ್ತಿಲ್ಲ, ಸಂಜೆ ಜ್ವರ, ತೂಕ ಇಳಿಕೆ ಎಂದರೆ ನಮ್ಮ ದೇಶದಲ್ಲಿ ಮೂತ್ರದ ಕ್ಷಯವನ್ನು ಮರೆಯಬಾರದು: ಸತತ 3 ದಿನದ ಬೆಳಗಿನ ಮೊದಲ ಮೂತ್ರ.

ಎರಡನೆಯದು ಬಹುಪಾಲು ಕ್ಯಾಂಡಿಡಾ ಬೂಷ್ಟು, ಮೂತ್ರದ ಸೋಂಕಲ್ಲ. ಬಿರುಕಿಗೆ ಮೂತ್ರ ತಾಗಿ ಉರಿಯುತ್ತದೆ, ಅಷ್ಟೇ. ಆ್ಯಂಟಿಬಯೋಟಿಕ್ ಕೊಟ್ಟರೆ ಬೂಷ್ಟು ಇನ್ನೂ ಹುಲುಸಾಗುತ್ತದೆ. ಯಾವ ಸಕ್ಕರೆ ಮಾತ್ರೆ ಎಂದು ಕೇಳಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುವ ಔಷಧಿಗಳು. ಮುಂದೊಗಲಿನ ಕೆಳಗೆ ನಿಂತ ಹನಿ ಶರಬತ್ತಿನ ಹಾಗೆ. ಪ್ರತಿ ಬಾರಿ ಒಂದಕ್ಕೆ ಹೋದ ಮೇಲೆ ನೀರಿನಲ್ಲಿ ತೊಳೆದು ಒಣಗಿಸುವುದು, ಕ್ಲೊಟ್ರಿಮಜೋಲ್ 1% ಕ್ರೀಮ್ ದಿನಕ್ಕೆರಡು ಬಾರಿ 7ರಿಂದ 14 ದಿನ. ಡೆಟಾಲ್, ಸೋಪು ಹಾಕಿ ಉಜ್ಜಬಾರದು. ಸ್ಟೀರಾಯ್ಡ್ ಸೇರಿದ ‘ಮಲ್ಟಿ’ ಕ್ರೀಮುಗಳು ಬೇಡವೇ ಬೇಡ. ಆ ಸಕ್ಕರೆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ವೃಷಣಚೀಲ ಅಥವಾ ಗುದದ ಸುತ್ತ ಕೆಂಪು, ಊತ, ಕಾಣುವುದಕ್ಕಿಂತ ಹೆಚ್ಚಿನ ನೋವು, ಜ್ವರ ಇದ್ದರೆ ಮಾತ್ರ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ.

50 ದಾಟಿದವರಲ್ಲಿ ನಿಜವಾದ ಮೂತ್ರದ ಸೋಂಕೇ ಆಗಿದ್ದರೆ ಹಿಂದೆ ಪ್ರಾಸ್ಟೇಟ್ ನಿಂತಿರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮೂತ್ರ ಹೋದ ಮೇಲೆ ಎಷ್ಟು ಉಳಿಯುತ್ತದೆ ಎಂದು ಅಳೆಸಬೇಕು. 100 ಮಿ.ಲೀ. ಮೇಲೆ ಉಳಿಯುತ್ತಿದ್ದರೆ ಅದು ಪಾಚಿಗಟ್ಟುವ ಕೊಳ, ಎಷ್ಟು ಆ್ಯಂಟಿಬಯೋಟಿಕ್ ಸುರಿದರೂ ಸೋಂಕು ಮರಳುತ್ತದೆ. ಸೋಂಕು ಇರುವಾಗ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ರಕ್ತಪರೀಕ್ಷೆ) ಮಾಡಿಸಬೇಡಿ. ಸುಮ್ಮನೆ ಏರಿರುತ್ತದೆ, ಕ್ಯಾನ್ಸರ್ ಎಂದು ಮನೆಯವರೆಲ್ಲ ಹೆದರುತ್ತಾರೆ. ವಾಸಿಯಾಗಿ 6ರಿಂದ 8 ವಾರ ಬಿಡಿ. ಪ್ರಾಸ್ಟೇಟ್ ಸೋಂಕಿನಲ್ಲಿ ವೀರ್ಯ ಬರುವಾಗ ನೋವು, ನಿಮಿರುವಿಕೆ ಕುಗ್ಗುವುದು ಉಂಟು. ಬಹುತೇಕ ಸೋಂಕಿನ ಜೊತೆಗೇ ಹೋಗುತ್ತದೆ, ಅದಕ್ಕೆಂದು ಬೇರೆ ಮಾತ್ರೆ ಶುರುಮಾಡಬೇಕಿಲ್ಲ.

ಸುರಕ್ಷಾ_ಕೋಣೆ

ಇದಕ್ಕೆ ಸೇರಿಸಬೇಕಾದ್ದು: ‘ಮೂತ್ರದಲ್ಲಿ ಧಾತು ಹೋಗ್ತಿದೆ, ಸೊರಗಿಹೋಗಿದ್ದೇನೆ’ ಎಂದು ಬರುವ ಹುಡುಗರು. ಉರಿ ಇಲ್ಲ, ಪಸ್ ಸೆಲ್ಸ್ 2-3, ಮೂತ್ರ ಮಾತ್ರ ಕೆಲವೊಮ್ಮೆ ಸುಣ್ಣದ ನೀರಿನಂತೆ. ಅವರಿಗೆ ಆ್ಯಂಟಿಬಯೋಟಿಕ್ಕೂ ಬೇಡ, ಗೋಡೆಬರಹದ ‘ಗುಪ್ತರೋಗ ತಜ್ಞ’ರೂ ಬೇಡ. ಲ್ಯಾಬಿನವರೇ ಹೇಳಲಿ.

ಸ್ಲೈಡ್‌ಡಬ್ಬಿ

ಆ ಬಿಳಿ ಬಹುಪಾಲು ಫಾಸ್ಫೇಟ್. ಹೊಟ್ಟೆತುಂಬ ಊಟವಾದ ಮೇಲೆ ಮೂತ್ರ ಕ್ಷಾರೀಯವಾಗಿ ಫಾಸ್ಫೇಟ್ ಹರಳುಗಟ್ಟುತ್ತದೆ. ಟೆಸ್ಟ್‌ಟ್ಯೂಬಿನಲ್ಲಿ 5 ಮಿ.ಲೀ. ಮೂತ್ರಕ್ಕೆ ನಾಲ್ಕೈದು ಹನಿ ದುರ್ಬಲ ಅಸೆಟಿಕ್ ಆಮ್ಲ ಹಾಕಿ ಅಲ್ಲಾಡಿಸಿದರೆ ಕಣ್ಣೆದುರೇ ತಿಳಿಯಾಗುತ್ತದೆ. ಕೀವಾಗಿದ್ದರೆ ತಿಳಿಯಾಗುವುದಿಲ್ಲ. ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ ತೋರಿಸಬಹುದಾದ ಪರೀಕ್ಷೆ ಇದು.

ಕೌಂಟರಿನವರಿಗೆ ಒಂದು ಕೋರಿಕೆ: ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ‘ಯೂರಿನ್’ ಎಂದಷ್ಟೇ ಬರೆಯಬೇಡಿ. ‘ಕಲ್ಚರ್, ನಡುಧಾರೆ’ ಅಥವಾ ‘ನಾಟ್, ಮೊದಲ ಧಾರೆ’ ಎಂದು ಬರೆಯಿರಿ. ಎರಡೂ ಬೇಕಿದ್ದರೆ ಎರಡು ಬಾಟಲು ಕೊಟ್ಟು ಕಳಿಸಿ. ತೊಳೆಯದೆ ಮೊದಲ ಧಾರೆ ಒಂದರಲ್ಲಿ. ಅಲ್ಲಿಗೇ ತಡೆದು, ತೊಳೆದುಕೊಂಡು, ಸ್ವಲ್ಪ ಹೊರಗೆ ಬಿಟ್ಟು ನಡುವಿನದ್ದು ಇನ್ನೊಂದರಲ್ಲಿ. ಹಿಂದಿನ 2 ವಾರದಲ್ಲಿ ನುಂಗಿದ ಆ್ಯಂಟಿಬಯೋಟಿಕ್ ಹೆಸರು, ಕೊನೆಯ ಮಾತ್ರೆಯ ತಾರೀಕು ಚೀಟಿಯ ಮೂಲೆಯಲ್ಲಿರಲಿ. ಚಿಕಿತ್ಸೆ ಮುಗಿದ ಮೇಲೆ ‘ಹೋಯಿತೇ ನೋಡೋಣ’ ಎಂದು ವಾರಕ್ಕೇ ನಾಟ್ ಮಾಡಿಸಬೇಡಿ. ಸತ್ತ ರೋಗಾಣುವಿನ ಡಿಎನ್‌ಎ ಇನ್ನೂ ಉಳಿದಿದ್ದು ಪಾಸಿಟಿವ್ ಬರಬಹುದು. 4 ವಾರವಾದರೂ ಕಳೆಯಲಿ. ಮತ್ತೆ ಹತ್ತಿಕೊಂಡಿದೆಯೇ ಎಂದು ನೋಡುವ ಪರೀಕ್ಷೆ 3 ತಿಂಗಳಿಗೆ.